ಅವ್ವನ ಸಿಂಗಲ್ ರೂಮು

ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಬರುವ ತಾಯಂದಿರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ನಾನು ತಾಯಿಯನ್ನು ಹಾಸ್ಟೆಲಿಗೆ ಬಿಟ್ಟು ಬಂದ ಮಗಳು. ಬಕೆಟ್ಟು, ಮಗ್ಗು, ಬೆಡ್‌ಶೀಟು, ಬಟ್ಟೆ ಒಣಹಾಕುವ ಹಗ್ಗ, ಎಲ್ಲವನ್ನೂ ಯಶವಂತಪುರದ ಮಾರ್ಕೆಟ್ಟಿನಲ್ಲಿ ನಾನೇ ಚೌಕಾಸಿ ಮಾಡಿ ತಂದೆ. "ಹಾಸ್ಟೆಲ್ಲಿಗೆ ಹೋಗ್ತಿದೀರಾ ಮೇಡಂ?" ಎಂದು ಅಂಗಡಿಯ ಅಬ್ರಾರ್ ಕೇಳಿದ. "ನಾನಲ್ಲ, ನಮ್ಮವ್ವ" ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಬಕೆಟ್ಟಿನೊಳಗೆ ಒಂದು ಸೋಪಿನ ಡಬ್ಬಿಯನ್ನು ಬಿಟ್ಟಿಯಾಗಿ ಹಾಕಿ ಕೊಟ್ಟ. ಆ ದಿನಗಳಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಮ್ಮವ್ವನ ಹೆಸರು ದಾಕ್ಷಾಯಣಿ. ಲೋಕಾಪುರದ ಕಡೆಯವಳು. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ, ಪೀಣ್ಯದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮಪ್ಪನ ಜೊತೆ ಗೊರಗುಂಟೆಪಾಳ್ಯಕ್ಕೆ ಬಂದಳು. ಅಲ್ಲಿಂದ ಮುಂದೆ ಅವಳ ವಿಳಾಸ ಬದಲಾಗಲಿಲ್ಲ. ಬದಲಾಗುತ್ತಿದ್ದದ್ದು ಮಲಗುವ ಜಾಗ ಮಾತ್ರ.

ನಮ್ಮದು ಒಂದು ಹಾಲು, ಒಂದು ಕೋಣೆ, ಒಂದು ಅಡುಗೆಮನೆ. ಕೋಣೆ ಮೊದಲು ಅಜ್ಜಿಯ ಪಾಲಿಗಿತ್ತು; ಅಜ್ಜಿ ತೀರಿಕೊಂಡ ಮೇಲೆ "ಹುಡುಗಿ ಓದಬೇಕು" ಎಂದು ನನಗೆ ಬಂತು. ಹಾಲಿನಲ್ಲಿ ಅಪ್ಪ ಮತ್ತು ನೆಂಟರು. ನೆಂಟರಿಲ್ಲದ ದಿನ ಕಡಿಮೆ. ನಮ್ಮ ಕಡೆಯ ಬಸ್ಸುಗಳೆಲ್ಲ ನಸುಕಿನಲ್ಲಿ ಗೊರಗುಂಟೆಪಾಳ್ಯದಲ್ಲಿ ನಿಲ್ಲುತ್ತವಲ್ಲ, ಹಾಗಾಗಿ ಕಣ್ಣಿನ ಆಪರೇಷನ್ನಿಗೆ ಬಂದವರು, ಇಂಟರ್‌ವ್ಯೂಗೆ ಬಂದವರು, ಸುಮ್ಮನೆ ಬೆಂಗಳೂರು ನೋಡಲು ಬಂದವರು, ಎಲ್ಲರೂ ಇಳಿದು ಹಲ್ಲುಜ್ಜುತ್ತಿದ್ದದ್ದು ನಮ್ಮ ಮನೆಯ ನಲ್ಲಿಯಲ್ಲಿ. ಅವ್ವನಿಗೆ ಇದೇ ಎಂದು ಒಂದು ಜಾಗವಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ಉಳಿದದ್ದೇ ಅವಳ ಜಾಗ. ಹೆಚ್ಚಾಗಿ ಅದು ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿರುತ್ತಿತ್ತು.

ಹಾಗಂತ ಅವ್ವ ಮೂಲೆ ಹಿಡಿದು ಕಣ್ಣೀರು ಹಾಕುವ ಪೈಕಿಯಲ್ಲ. ರೊಟ್ಟಿ ಬಡಿಯುತ್ತಲೇ ನೆಂಟರ ಕಾಲೆಳೆಯುವವಳು. ಗುರುಪಾದಪ್ಪ ಕಾಕಾ ಮಗನ ಇಂಟರ್‌ವ್ಯೂಗೆಂದು ಬಂದು ಶ್ರಾವಣ ಮುಗಿಯುವವರೆಗೆ ಉಳಿದಾಗ, "ಕಾಕಾ, ನಿಮ್ಮ ಹೆಸರು ರೇಷನ್ ಕಾರ್ಡಿಗೆ ಸೇರಸೂಣೇನು?" ಎಂದು ಕೇಳಿದ್ದಳು. ಕಾಕಾ ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಸಂಜೆ ಓಣಿಯ ಮಕ್ಕಳಿಗೆ ಮೆಟ್ಟಿಲ ಮೇಲೆ ಪಾಠ ಹೇಳುತ್ತಿದ್ದಳು. ಮಕ್ಕಳು ಹೋದ ಮೇಲೆ ಹಿಟ್ಟಿನ ಡಬ್ಬಿಯ ಮೇಲೆ ಪುಸ್ತಕ ಇಟ್ಟುಕೊಂಡು, ಅಂಚೆ ಶಿಕ್ಷಣದಲ್ಲಿ ಡಿಗ್ರಿ ಓದಿದಳು. ಪಾಸಾದ ದಿನ ಹಾಲು ಉಕ್ಕಿಸಿಬಿಟ್ಟಳು. ಆಮೇಲೆ ಒಲೆ ಒರೆಸುತ್ತಾ ಮೆಲ್ಲಗೆ, "ಬಿ.ಎಡ್. ಮಾಡಿದ್ರ ಸಾಲ್ಯಾಗ ಕಲಿಸಬಹುದಲ್ಲ?" ಎಂದಳು.

ನನಗೆ ಅಷ್ಟು ಸಾಕಾಗಿತ್ತು. ಹುಣಸಮಾರನಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ದಿನಾ ಮನೆಯಿಂದ ಹೋಗಿ ಬಂದರಾಯಿತು ಎಂದು ಅಪ್ಪ. ಎರಡು ಬಸ್ಸು, ಅದರ ಮೇಲೆ ಹೆಬ್ಬಾಳದ ಟ್ರಾಫಿಕ್ಕು. ಹೋದವಳು ವಾಪಸು ಬರುವಷ್ಟರಲ್ಲಿ ಅರ್ಧ ಬಿ.ಎಡ್. ಬಸ್ಸಿನಲ್ಲೇ ಮುಗಿದಿರುತ್ತದೆ, ಉಳಿದರ್ಧ ಒಲೆಯ ಮುಂದೆ. ಹಾಸ್ಟೆಲ್ ಎಂದರೆ ಹಾಸ್ಟೆಲ್ ಎಂದು ನಾನು ಪಟ್ಟು ಹಿಡಿದೆ. ಅಪ್ಪ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಅನ್ನಕ್ಕೆ ನೀರೆಷ್ಟು ಹಾಕಬೇಕೆಂದು ಅವ್ವನನ್ನು ಕೇಳಿದರು. ಅದೇ ಅವರ ಒಪ್ಪಿಗೆ.

ಕಾಲೇಜಿನಿಂದ ಫೋನ್ ಬಂತು. ಹಾಸ್ಟೆಲಿನಲ್ಲಿ ಸಿಂಗಲ್ ರೂಮು ಬೇಕೋ, ಇಬ್ಬರಿರುವ ರೂಮು ಬೇಕೋ? ದುಡ್ಡಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಸಿಂಗಲ್ ರೂಮುಗಳೇ ಕಡಿಮೆ, ವಯಸ್ಸಾದವರಿಗೆ ಮೊದಲ ಆದ್ಯತೆ. ಮನೆಯಲ್ಲಿ ಪಂಚಾಯಿತಿ ಶುರುವಾಯಿತು.

"ಜೋಡಿ ಇದ್ರ ಚೊಲೋ" ಎಂದರು ಅಪ್ಪ. "ಆರಾಮಿಲ್ಲದಾಗ ಒಂದು ಗ್ಲಾಸ್ ನೀರು ಕೊಡಾಕರ ಒಬ್ಬರು ಬೇಕಲ್ಲ."

ಮೇಲಿನ ಮನೆಯ ನಾಗಮಣಿ ಆಂಟಿ ಕರೆಯದೆಯೂ ಬಂದು, "ಒಬ್ರೇ ಇದ್ರೆ ಬೇಜಾರಾಗುತ್ತೆ ಕಣ್ರೀ, ಗೋಡೆ ಜೊತೆ ಮಾತಾಡ್ತೀರಾ?" ಎಂದರು.

ಅಪ್ಪನ ಮಾತಿನಲ್ಲಿ ಸತ್ಯವಿತ್ತು. ಒಪ್ಪಿಕೊಳ್ಳಲು ನನಗೆ ಇಷ್ಟವಿರಲಿಲ್ಲ, ಅಷ್ಟೇ. ಅವ್ವ ಕೊತ್ತಂಬರಿ ಸೋಸುತ್ತಾ ಕೂತಿದ್ದಳು. ಎಲ್ಲರೂ ಎದ್ದುಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

"ಸಿಂಗಲ್ ಅಂದ್ರ ನಾ ಒಬ್ಬಾಕೇನಾ? ಪೂರಾ ಖೋಲಿ?"

"ಪೂರಾ."

"ನಡುವ ಯಾರೂ ಬಂದು ಚಾಪಿ ಹಾಸೂದಿಲ್ಲ?"

"ಯಾರೂ ಇಲ್ಲ ಅವ್ವ."

"ಹಂಗಾರ ಅದ ಹೇಳು" ಎಂದಳು. ಅವಳ ಕಿವಿ ಕೆಂಪಾಗಿತ್ತು. ನಲವತ್ತೇಳರ ಹೆಂಗಸು ಹಾಗೆ ನಾಚಿಕೊಂಡದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಭಾನುವಾರ ನಾನು, ಅಪ್ಪ, ಅವ್ವ ಮೂವರೂ ಸಾಮಾನು ಕಟ್ಟಿಕೊಂಡು ಹೊರಟೆವು. ಹಾಸ್ಟೆಲಿನ ವಾರ್ಡನ್ ದ್ರೌಪದಮ್ಮ ಬಾಗಲೂರಿನವರು, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಬೀಗದ ಕೈ ಗೊಂಚಲು. ಮೊದಲನೇ ಮಹಡಿಯ ತುದಿಯ ರೂಮು ತೆಗೆದು ತೋರಿಸಿದರು. ಸಿಂಗಲ್ಲಿಗೆ ದೊಡ್ಡದೇ ಇತ್ತು. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಗೋಡೆಯೊಳಗೆ ಒಂದು ಕಪಾಟು. ಅವ್ವ ಒಳಗೆ ಹೋಗಿ ಎಲ್ಲವನ್ನೂ ಮುಟ್ಟಿ ನೋಡಿದಳು. ಆಮೇಲೆ ನಮ್ಮನ್ನು ಹೊರಗೇ ಬಿಟ್ಟು ಬಾಗಿಲು ಹಾಕಿ ಚಿಲಕ ಹಾಕಿಕೊಂಡಳು.

ನಾವು ವರಾಂಡದಲ್ಲಿ ನಿಂತೆವು. ತಲೆಯ ಮೇಲೆ ಒಂದು ವಿಮಾನ ಹೋಯಿತು. ಬಾಗಿಲು ತೆಗೆಯಲಿಲ್ಲ.

"ಏನ್ ಮಾಡಾಕತ್ತಾಳ ಒಳಗ?" ಎಂದು ಅಪ್ಪ ಪಿಸುಗುಟ್ಟಿದರು.

"ಏನೂ ಮಾಡ್ತಿಲ್ಲ ಅಪ್ಪ. ಅದಕ್ಕೇ ಹಾಕ್ಕೊಂಡಿರೋದು" ಎಂದೆ.

ಬಾಗಿಲು ತೆಗೆದಾಗ ಅವ್ವನ ಮುಖ ನೋಡಬೇಕಿತ್ತು. ನನಗೆ ಕೆಲಸ ಸಿಕ್ಕ ದಿನವೂ ಅಷ್ಟು ಸಂತೋಷಪಟ್ಟಿರಲಿಲ್ಲ ಎಂದು ಹೊಟ್ಟೆಕಿಚ್ಚಾಯಿತು.

ನಾವು ಹೊರಡುವ ಹೊತ್ತಿಗೆ ದ್ರೌಪದಮ್ಮ ಗೇಟಿನವರೆಗೆ ಬಂದರು. "ಅಮ್ಮಾ, ಒಂದ್ ಮಾತು. ಗೌರಿಬಿದನೂರಿನ ಕಡೆಯ ಹುಡುಗಿ ಒಬ್ಳು ಬಂದವ್ಳೆ. ಒಬ್ಳೇ ಮಗಳು, ಮನೆ ಬಿಟ್ಟು ಇದ್ದವಳಲ್ಲ, ಯಾರಾದ್ರೂ ದೊಡ್ಡೋರ ಜೊತೆ ಇಡಿ ಅಂತ ಅವ್ರಪ್ಪ ಕೇಳ್ತಾವ್ರೆ. ನಿಮ್ ರೂಮಲ್ಲೇ ಇನ್ನೊಂದು ಮಂಚ ಇಡಿಯುತ್ತೆ. ಇರ್ಲಾ ಅವ್ಳು?"

ಅವ್ವ ನಕ್ಕಳು. "ಇರ್ಲಿ ಬಿಡ್ರಿ" ಎಂದಳು.

"ನಿಮ್ದು ದೊಡ್ಡ ಮನಸ್ಸು ಕಣಮ್ಮಾ" ಎಂದರು ದ್ರೌಪದಮ್ಮ. ನಾನೂ ಅವ್ವನೂ ನಿಶ್ಚಿಂತೆಯಿಂದ ಕೈ ಬೀಸಿ ಬೀಳ್ಕೊಂಡೆವು. ದಾರಿಯಲ್ಲಿ ನನಗೆ ಹೆಮ್ಮೆಯೋ ಹೆಮ್ಮೆ. ಅವ್ವ ಎಷ್ಟು ನಯವಾಗಿ ಬೇಡವೆಂದಳು ಎಂದು ಅಪ್ಪನಿಗೆ ಹೆಬ್ಬಾಳದವರೆಗೂ ಹೇಳುತ್ತಾ ಬಂದೆ.

ಈ "ಇರ್ಲಿ ಬಿಡ್ರಿ"ಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ಅವ್ವನ "ಬೇಡ". ಬೇಡ ಎಂದು ನೇರವಾಗಿ ಹೇಳುವುದು ಒರಟು ಎಂದು ಅವಳ ನಂಬಿಕೆ. ತಾಟಿಗೆ ಇನ್ನೊಂದು ರೊಟ್ಟಿ ಹಾಕಲು ಬಂದರೆ ಇರ್ಲಿ ಬಿಡ್ರಿ. ಹಬ್ಬಕ್ಕೆ ಸೀರೆ ತರಲೇ ಎಂದರೆ ಇರ್ಲಿ ಬಿಡ್ರಿ. ಆದರೆ "ನಿನಗ ತ್ರಾಸ ಆತು, ನಾವು ಲಾಡ್ಜಿಗೆ ಹೋಗ್ತೀವಿ" ಎಂದು ಬಾಯಿಮಾತಿಗೆ ಹೇಳುವ ನೆಂಟರಿಗೂ ಇರ್ಲಿ ಬಿಡ್ರಿ. ಒಲ್ಲೆ ಎನ್ನುವುದೂ ಅದೇ ಮಾತು, ಪರವಾಗಿಲ್ಲ ಇದ್ದುಕೊಳ್ಳಿ ಎನ್ನುವುದೂ ಅದೇ ಮಾತು. ಯಾವುದೆಂದು ತೀರ್ಮಾನಿಸುವುದು ಕೇಳಿಸಿಕೊಂಡವರ ಕೆಲಸ. ಕೇಳಿಸಿಕೊಂಡವರು ಇಷ್ಟು ವರ್ಷ ತಮಗೆ ಅನುಕೂಲವಾದದ್ದನ್ನೇ ಕೇಳಿಸಿಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟಿದ್ದೆ, ಅವ್ವನ ಫೋನ್ ಬಂತು.

"ಪದ್ಮಾ, ಖೋಲಿಗೆ ಇನ್ನೊಂದು ಮಂಚ ಬಂದೈತಿ."

"ಯಾಕೆ?"

"ಮಂಚದ ಮ್ಯಾಲ ಒಂದು ಹುಡುಗಿನೂ ಬಂದಾಳ."

ನನಗೆ ಮೈಯೆಲ್ಲ ಉರಿದುಹೋಯಿತು. "ಈಗ್ಲೇ ಬರ್ತೀನಿ. ಆ ವಾರ್ಡನ್ ಜೊತೆ ನಾನು ಮಾತಾಡ್ತೀನಿ" ಎಂದೆ.

"ಬ್ಯಾಡ" ಎಂದಳು ಅವ್ವ. ನನಗೆ ಮಾತ್ರ ಆ ಪದವನ್ನು ಸಲೀಸಾಗಿ ಹೇಳುತ್ತಾಳೆ. "ನೀ ಬಂದು ಜಗಳಾ ಮಾಡಿ ಕೊಡಿಸಿದ್ರ ಅದು ನಿನ್ನ ಖೋಲಿ ಆಕ್ಕೈತಿ. ನೋಡೂಣು. ಪಕ್ಕದ ಖೋಲ್ಯಾಗ ವಂದನಾ ಅನ್ನೋ ಹುಡುಗಿ ಜೋಡಿ ಒಂದು ಜಾಗಾ ಖಾಲಿ ಐತಂತ. ಶನಿವಾರ ತನಕ ಬದಲಿ ಮಾಡಬಹುದಂತ. ಆಮ್ಯಾಲ ಆ ಜಾಗಾ ಬ್ಯಾರೆಯವರಿಗೆ ಹೋಗ್ತೈತಿ, ಇಡೀ ವರ್ಷ ಹಿಂಗ ಇರಬೇಕು."

ಶನಿವಾರಕ್ಕೆ ಐದು ದಿನವಿತ್ತು. ನಾನು ಹಲ್ಲು ಕಚ್ಚಿಕೊಂಡು ಆಫೀಸಿಗೆ ಹೋದೆ.

ತೊಂದರೆ ಏನೆಂದರೆ, ಬಂದ ಹುಡುಗಿ ಒಳ್ಳೆಯವಳಾಗಿದ್ದಳು. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಹೆಸರು ತೇಜಸ್ವಿನಿ. ಬಾಯಿ ತುಂಬ ಆಂಟಿ ಆಂಟಿ ಎನ್ನುತ್ತಾಳೆ. ಲ್ಯಾಪ್‌ಟಾಪಿನಲ್ಲಿ ಸ್ಲೈಡ್ ಮಾಡುವುದನ್ನು ಅವ್ವನಿಗೆ ಕಲಿಸಿದಳು. ಪ್ರಾಂಶುಪಾಲರು ಕೆಮ್ಮಿದಂತೆ ಕೆಮ್ಮಿ ತೋರಿಸಿ ಅವ್ವನನ್ನು ಹೊಟ್ಟೆ ಹಿಡಿದುಕೊಂಡು ನಗಿಸಿದಳು. ತರಗತಿಯಲ್ಲಿ ಬೇರೆ ಹುಡುಗಿಯರು ಅವ್ವನನ್ನು ಲೆಕ್ಚರರ್ ಎಂದು ತಿಳಿದು ಎದ್ದು ನಿಂತಾಗ, ಇವಳೇ ಕೈ ಹಿಡಿದು ಎಳೆದು ತನ್ನ ಪಕ್ಕ ಕೂರಿಸಿಕೊಂಡಳಂತೆ. ಫೋನಿನಲ್ಲಿ ಅವ್ವ ಇದನ್ನೆಲ್ಲ ಹೇಳುವಾಗ ಧ್ವನಿಯಲ್ಲಿ ಕುಣಿತವಿತ್ತು. ಹೋದ ವಾರ ಗೊರಗುಂಟೆಪಾಳ್ಯದಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದವಳು ಈ ವಾರ ಶಿಕ್ಷಣ ಮನೋವಿಜ್ಞಾನ ಎಂದು ಮಾತಾಡುತ್ತಿದ್ದಳು. ಕೇಳಿ ಕೇಳಿ ನಾನೂ ಕುಣಿದೆ.

"ಹಂಗಾರ ಜೋಡೀನೇ ಇರ್ಲಿ, ನಾ ಹೇಳಿದ್ದು ಖರೇ ಆತಿಲ್ಲೋ" ಎಂದು ಅಪ್ಪ ಗೆದ್ದವರಂತೆ ಮೀಸೆ ತಿರುವಿದರು.

ಆದರೆ ನಿಧಾನಕ್ಕೆ ಬೇರೆ ಸುದ್ದಿಗಳೂ ಬಂದವು. ಬೆಳಿಗ್ಗೆ ತೇಜಸ್ವಿನಿಯನ್ನು ಎಬ್ಬಿಸಬೇಕು, ತಾನಾಗಿ ಏಳುವುದಿಲ್ಲ. ಜಡೆ ಹಾಕಿಕೊಡಬೇಕು, ಮನೆಯಲ್ಲಿ ಅಮ್ಮ ಹಾಕುತ್ತಿದ್ದರು. ಅವಳ ಅಮ್ಮ ದಿನಾ ಅವ್ವನಿಗೇ ಫೋನ್ ಮಾಡಿ, ಮಗಳು ಮೊಸರನ್ನ ತಿಂದಳೋ ಇಲ್ಲವೋ ಎಂದು ವಿಚಾರಿಸುತ್ತಾರೆ. ಈ ಕಡೆ ನಮ್ಮ ನೆಂಟರಿಗೂ ಸುಳಿವು ಸಿಕ್ಕಿತ್ತು. ಗುರುಪಾದಪ್ಪ ಕಾಕಾ ಫೋನ್ ಮಾಡಿ, ಮಗ ದುಬೈಗೆ ಹೊರಟಿದ್ದಾನೆ, ವಿಮಾನ ನಸುಕಿನಲ್ಲಿದೆ, "ದಾಕ್ಷಾಯಣಿ ಖೋಲಿ ಏರ್‌ಪೋರ್ಟಿಗೆ ಹತ್ರ ಅಲ್ಲೇನು?" ಎಂದು ಅಪ್ಪನನ್ನು ಕೇಳಿದರು. ಅದು ಹೆಣ್ಣುಮಕ್ಕಳ ಹಾಸ್ಟೆಲ್ ಎಂದು ಅಪ್ಪ ಹೇಳಿದ ಮೇಲೂ, "ಹೌದೌದು, ಸೊಸಿ ಅಷ್ಟ ಉಳೀತಾಳ" ಎಂದರಂತೆ.

ಗುರುವಾರ ಅವ್ವ ಮಾತಿನ ಮಧ್ಯೆ ಹೇಳಿದಳು. "ನಿನ್ನೆ ಊಟದ ಹಾಲಿನ ಕಡೆ ಹೋಗಿ ಓದಿದೆ. ಆಕಿಗೆ ಲೈಟ್ ಇದ್ರ ನಿದ್ದಿ ಬರೂದಿಲ್ಲ, ಪಾಪ."

"ಊಟದ ಹಾಲಲ್ಲಿ ಎಲ್ಲಿ ಕೂತಿದ್ದೆ?"

"ಒಳಗ. ಅಡಿಗಿ ಮಾಡೋರ ಕಡೆ. ಅಲ್ಲಿ ಬೆಳಕ ಚೊಲೋ ಐತಿ."

ಬಕೆಟ್ಟು, ಮಗ್ಗು, ಹಾಸಿಗೆ ಎಲ್ಲ ಹೊತ್ತು, ಅಷ್ಟು ಟ್ರಾಫಿಕ್ ದಾಟಿ ಹೋಗಿ ನಮ್ಮವ್ವ ಮತ್ತೆ ಅಡುಗೆಮನೆಗೇ ಸೇರಿದ್ದಳು. ಫೋನಿನ ಆ ಕಡೆ ಅವಳು ಬೇಗನೆ ಮಾತು ಬದಲಿಸಿದಳು. ಹೇಳಿದ ಮೇಲೆ ಅವಳ ಕಿವಿಗೂ ಅದು ಬಿದ್ದಿರಬೇಕು.

ಶನಿವಾರ ನನಗೆ ರಜೆ. ಜಗಳ ಮಾಡುವುದಿಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡು ಬಸ್ಸು ಹತ್ತಿದೆ. ನಾನು ತಲುಪುವಷ್ಟರಲ್ಲಿ ಅವ್ವ ಆಗಲೇ ದ್ರೌಪದಮ್ಮನವರ ಆಫೀಸಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ತೇಜಸ್ವಿನಿ. ಅವ್ವನೇ ಅವಳನ್ನು ಕರೆದುಕೊಂಡು ಬಂದಿದ್ದಳು, ಬೆನ್ನ ಹಿಂದೆ ಮಾತಾಡಬಾರದೆಂದು. ನಾನು ಬಾಗಿಲ ಬಳಿ ನಿಂತೆ. ಅವ್ವ ನನ್ನನ್ನು ನೋಡಿ, ಅಲ್ಲೇ ಇರು ಎನ್ನುವಂತೆ ಕೈ ಎತ್ತಿದಳು.

"ನೀವೇ ಅಂದ್ರಲ್ಲಮ್ಮಾ ಅವತ್ತು, ಇರ್ಲಿ ಬಿಡಿ ಅಂತ" ಎನ್ನುತ್ತಿದ್ದರು ದ್ರೌಪದಮ್ಮ. "ಗೇಟ್ ಅತ್ರ, ನಗ್ನಗ್ತಾ ಅಂದ್ರಿ."

"ಇರ್ಲಿ ಬಿಡ್ರಿ ಅಂದ್ರ ನಾ ಒಲ್ಲೆ ಅಂತರಿ ಮೇಡಂ."

ದ್ರೌಪದಮ್ಮ ಕನ್ನಡಕ ತೆಗೆದರು. "ಊಟಕ್ಕೆ ಕೂತಾಗ ಅಂದ್ರೆ ಸರಿ. ಹುಡುಗಿ ಇರ್ಲಾ ಅಂದಾಗ ಇರ್ಲಿ ಅಂದ್ರೆ, ನಾನೇನ್ ತಿಳ್ಕೊಬೇಕು? ಇಡೀ ಬಾಗಲೂರ್ನಾಗೆ ಯಾರನ್ನ ಬೇಕಾದ್ರೂ ಕೇಳಿ."

ಅವ್ವನಿಗೆ ನಗು ಬಂತು. ನನಗೂ ಬಂತು. ದ್ರೌಪದಮ್ಮ ಹೇಳಿದ್ದರಲ್ಲಿ ತಪ್ಪೇನಿತ್ತು? ಐದು ದಿನ ನಾನು ಮನಸ್ಸಿನಲ್ಲೇ ಬೈದುಕೊಂಡ ಹೆಂಗಸು ಕೇಳಿಸಿಕೊಂಡದ್ದನ್ನೇ ಮಾಡಿದ್ದರು.

"ಆಯ್ತು, ಆಗಿದ್ದಾಯ್ತು. ಈಗ ಬಾಯ್ಬಿಟ್ಟು ಹೇಳಿ" ಎಂದರು. "ಜೊತೆಗಿರ್ಲೋ, ಬೇಡ್ವೋ? ಸಾಯಂಕಾಲ ಆ ಇನ್ನೊಂದು ಜಾಗ ಬೇರೆಯವ್ರಿಗೆ ಕೊಟ್ಬಿಡ್ತೀನಿ."

ಅವ್ವ ಸೆರಗು ಸರಿಮಾಡಿಕೊಂಡಳು. ಅವಳ ನಾಲಿಗೆಯ ತುದಿಗೆ ಆ ಹಳೇ ಮಾತು ಬಂದು ಕೂತಿದೆ ಎಂದು ನನಗೆ ಬಾಗಿಲಿನಿಂದಲೇ ಗೊತ್ತಾಯಿತು. ತೇಜಸ್ವಿನಿ ಅವಳನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಅವ್ವನೇ ಹಾಕಿದ್ದ ಜಡೆ ಭುಜದ ಮೇಲಿತ್ತು. ನಾನೇ ಒಳಗೆ ನುಗ್ಗಿ ಹೇಳಿಬಿಡಬೇಕು ಎನಿಸಿತು. ಚೌಕಟ್ಟು ಹಿಡಿದು ನಿಂತೆ.

"ಹುಡುಗಿ ಭಾಳ ಚೊಲೋ ಅದಾಳ್ರಿ" ಎಂದಳು ಅವ್ವ. ಮುಗಿಯಿತು ಎಂದುಕೊಂಡೆ. ಆಮೇಲೆ ಅವಳು ಒಂದೊಂದೇ ಪದವನ್ನು ಜೋಡಿಸಿಟ್ಟಂತೆ ಹೇಳಿದಳು: "ಖೋಲಿ ನನಗ ಒಬ್ಬಾಕಿಗೇ ಬೇಕ್ರಿ. ಜೋಡಿ ಬ್ಯಾಡ."

"ಆಂಟಿ, ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದಳು ತೇಜಸ್ವಿನಿ. ಕಣ್ಣು ತುಂಬಿತ್ತು.

"ಏನೂ ಮಾಡಿಲ್ಲವ್ವಾ. ನಿನ್ನ ಮ್ಯಾಲ ಸಿಟ್ಟಿಲ್ಲ, ಬ್ಯಾಸರಿಲ್ಲ. ಸೋಮವಾರ ಕ್ಲಾಸಿನ್ಯಾಗ ನಿನ್ನ ಬಾಜೂಕನ ಕೂಡ್ತೀನಿ."

"ಮತ್ತೆ ಯಾಕೆ?"

"ನನಗ ಬೇಕು. ಅಷ್ಟ."

ಅವ್ವ ಕಾರಣ ಕೊಡಲಿಲ್ಲ. ಅದನ್ನು ನಾನು ಇವತ್ತಿಗೂ ನೆನೆಸಿಕೊಂಡು ಹಿಗ್ಗುತ್ತೇನೆ. ಬೆನ್ನುನೋವು, ಪರೀಕ್ಷೆ, ವಯಸ್ಸು, ಯಾವುದನ್ನಾದರೂ ಹೇಳಬಹುದಿತ್ತು, ಎಲ್ಲರೂ ತಲೆದೂಗುತ್ತಿದ್ದರು. ಅಷ್ಟು ವರ್ಷದಲ್ಲಿ ತನಗೆಂದು ಏನನ್ನಾದರೂ ಕೇಳಿದಾಗಲೆಲ್ಲ ಅವಳು ಹಿಂದೆ ಒಂದು ಕಾರಣದ ಊರುಗೋಲು ಇಟ್ಟುಕೊಂಡೇ ಕೇಳಿದವಳು. ಈ ಸಲ ಬರಿಗಾಲಲ್ಲಿ ನಿಂತು ಕೇಳಿದಳು.

ತೇಜಸ್ವಿನಿ ಮೂಗು ಒರೆಸಿಕೊಂಡಳು. "ಜಡೆ?" ಎಂದಳು.

"ವಂದನಾಗೆ ಬರ್ತೈತೇನು ಕೇಳು. ಇಲ್ಲಾಂದ್ರ ನೀನ ಕಲೀ, ನಾ ತೋರಸ್ತೀನಿ."

ದ್ರೌಪದಮ್ಮ ನಕ್ಕರು. "ಇದನ್ನೇ ಅವತ್ತು ಗೇಟಲ್ಲಿ ಅಂದಿದ್ರೆ ನಂಗೆ ಮಂಚ ಹೊರೋ ಕೆಲ್ಸ ಉಳೀತಿತ್ತಲ್ಲಮ್ಮಾ." ಮಂಚವನ್ನು ಅವರು ಹೊರಲಿಲ್ಲ. ಹೊತ್ತವರು ನಾನು, ವಂದನಾ, ತೇಜಸ್ವಿನಿ, ಅವ್ವ. ಒಂದು ಕಾಲು ಬಾಗಿಲಿಗೆ ಸಿಕ್ಕಿಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಾಗ ನಾಲ್ವರಿಗೂ ನಗು ಹತ್ತಿ ಕೈಯ ಬಲವೇ ಹೋಯಿತು. ಅತ್ತಿದ್ದ ತೇಜಸ್ವಿನಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಪಕ್ಕದ ರೂಮಿನಲ್ಲಿ ಮಂಚ ಹಾಕಿ, ಹಾಸಿಗೆ ಹಾಸಿ ಮುಗಿಯುವಷ್ಟರಲ್ಲಿ ಅವಳೂ ವಂದನಾಳೂ ಯಾವುದೋ ಸಿನಿಮಾದ ಬಗ್ಗೆ ಜಗಳ ಶುರುಮಾಡಿದ್ದರು.

ನಾನೂ ಅವ್ವನೂ ರೂಮಿಗೆ ಬಂದೆವು. ಮಂಚ ಹೋದ ಮೇಲೆ ನೆಲ ಎಷ್ಟು ಅಗಲವಾಗಿತ್ತು! ನಾನು ಅವ್ವನ ಹಾಸಿಗೆಯ ಮೇಲೆ ಧೊಪ್ಪನೆ ಬಿದ್ದುಕೊಂಡೆ. ಗೆದ್ದವಳು ಅವಳು, ದಣಿದವಳು ನಾನು.

"ಇವತ್ತು ಇಲ್ಲೇ ಉಳ್ಕೋತೀನಿ ಅವ್ವ. ನಾಳೆ ಹೇಗೂ ಭಾನುವಾರ. ಇಬ್ರೂ ಮಾತಾಡ್ತಾ ಮಲಗೋಣ" ಎಂದೆ.

ಅವ್ವ ಮೇಜಿನ ಮೇಲಿನ ಪುಸ್ತಕಗಳನ್ನು ಜೋಡಿಸುತ್ತಿದ್ದಳು. ತಿರುಗಿ ನೋಡಿ, "ಐದೂವರಿಗೆ ಬಸ್ಸೈತಿ" ಎಂದಳು.

ತಮಾಷೆ ಎಂದುಕೊಂಡೆ. ಅಲ್ಲ.

"ನೀ ಇದ್ರ ನಾ ಓದೂದಿಲ್ಲ ಪದ್ಮಾ. ನಿನಗ ಹಸಿವೇನೋ, ಚಳಿಯೇನೋ, ಹೊದಿಕಿ ಸಾಕೇನೋ ಅಂತ ನೋಡ್ಕೋತ ಕೂಡ್ತೀನಿ. ಸೋಮವಾರ ಟೆಸ್ಟ್ ಐತಿ. ಹೋಗು."

ನನಗೆ ಚುರುಕ್ ಎಂದಿತು. ಈ ರೂಮಿಗಾಗಿ ಅಪ್ಪನ ಜೊತೆ ಜಗಳವಾಡಿದವಳು ನಾನು, ಹಾಸಿಗೆ ಹೊತ್ತವಳು ನಾನು, ಈಗ ಮಂಚ ಹೊತ್ತವಳೂ ನಾನು. ಕೊನೆಗೆ ಹೊರಗೆ ಹೋಗಬೇಕಾದವಳೂ ನಾನೇ. ಹೇಳಬೇಕೆಂದು ಬಾಯಿ ತೆರೆದೆ. ಅವ್ವ ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು. ಬೆರಳು ಪುಟದ ಮೇಲಿತ್ತು, ತುಟಿ ಅಲ್ಲಾಡುತ್ತಿತ್ತು. ಅವಳು ಅಷ್ಟು ಆರಾಮವಾಗಿ, ಯಾರ ಕರೆಗೂ ಕಿವಿಗೊಡದೆ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮುನಿಸು ಕರಗಿ, ಅಲ್ಲೇ ಕುಣಿಯಬೇಕು ಎನ್ನುವಷ್ಟು ಖುಷಿಯಾಯಿತು. ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಟೆ.

ಕೆಳಗಿಳಿದು ಅಂಗಳದಿಂದ ಒಮ್ಮೆ ಮೇಲೆ ನೋಡಿದೆ. ಕೈ ಬೀಸಲೆಂದು ಎತ್ತಿಯೂ ಇದ್ದೆ. ಅವ್ವ ಕಿಟಕಿಗೆ ಬರಲಿಲ್ಲ.

ಗೇಟಿನ ಬಳಿ ದ್ರೌಪದಮ್ಮ ಎದುರಾದರು. "ಏನಮ್ಮಾ, ಹೊರಟೇಬಿಟ್ಯಾ? ಸಂಜೆ ಆಗೋಯ್ತು. ಒಂದ್ ರಾತ್ರಿ ಅಮ್ಮನ ಜೊತೆ ಇದ್ದು ಹೋಗ್ಬೋದಿತ್ತಲ್ಲ, ನಾನೇನು ಬೇಡ ಅಂತಿರ್ಲಿಲ್ಲ."

"ಆಗಲ್ಲ ಮೇಡಂ" ಎಂದೆ. "ಅದು ಸಿಂಗಲ್ ರೂಮು."